ಸಾಯಲು ಒಪ್ಪದ ರಕ್ತಕಣಗಳು

ನಮ್ಮ ಶರೀರದಲ್ಲಿ ಹುಟ್ಟು ಸಾವುಗಳ ವ್ಯಾಪಾರವು ಒಂದು ಕ್ಷಣವೂ ನಿಲ್ಲದೆ ನಡೆಯುತ್ತಿರುವುದು. ಕೆಂಪು ರಕ್ತಕಣವೊಂದರ ಆಯುಸ್ಸು ಸುಮಾರು ೧೨೦ ದಿನಗಳು. ಬಿಳಿಯ ಕಣಗಳಲ್ಲಿ ಹಲವಕ್ಕೆ ಕೆಲವೇ ದಿನಗಳ ಬಾಳು. ಸತ್ತವುಗಳ ಸ್ಥಾನವನ್ನು ತುಂಬುವುದಕ್ಕಾಗಿ ಮೂಳೆಗಳ ಒಳಗಿನ ಮಜ್ಜೆಯು ಹಗಲಿರುಳೂ ಹೊಸ ಕಣಗಳನ್ನು ತಯಾರಿಸುತ್ತಲೇ ಇರಬೇಕು. ಈ ಆಯವ್ಯಯಗಳು ಸರಿದೂಗುವವರೆಗೆ ನಾವು ಆರೋಗ್ಯವಂತರು. ಆದರೆ ಬಿಳಿಯ ಕಣಗಳ ಒಂದು ಪಂಗಡವು ಪಕ್ವಗೊಳ್ಳದೆ, ತನಗೆ ವಿಧಿಸಿದ ಕೆಲಸವನ್ನೂ ಮಾಡದೆ, ಕಾಲ ಬಂದಾಗ ಸಾಯಲೂ ಒಪ್ಪದೆ ಹೆಚ್ಚುತ್ತ ಹೋದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುವುದು. ರೋಗಾಣುಗಳಿಂದ ನಮ್ಮನ್ನು ಕಾಪಾಡಬೇಕಾದ ಕಣಗಳೇ ಮಜ್ಜೆಯನ್ನು ಆಕ್ರಮಿಸಿ, ಉಳಿದ ಕಣಗಳು ಹುಟ್ಟಲು ಎಡೆಯಿಲ್ಲದಂತೆ ಮಾಡುವುವು. ರೋಗಿಯು ಬಿಳಿಚಿಕೊಳ್ಳುವನು, ಸಣ್ಣ ಗಾಯದಿಂದಲೂ ರಕ್ತ ಸೋರುವುದು, ಸಾಮಾನ್ಯ ಜ್ವರವೂ ಪ್ರಾಣಾಂತಿಕವಾಗುವುದು. ೧೮೪೭ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಈ ರೋಗಕ್ಕೆ 'ಬಿಳಿಯ ರಕ್ತ' ಎಂಬರ್ಥದ ಗ್ರೀಕ್ ಮಾತುಗಳಿಂದ ಲ್ಯುಕೀಮಿಯ ಎಂಬ ಹೆಸರನ್ನಿಟ್ಟನು.

ಇಂತಹ ಕೋಶಗಳನ್ನು ಕೊಲ್ಲುವುದು ಅಷ್ಟೇನೂ ಕಷ್ಟವಲ್ಲ. ಗಾಜಿನ ಬಟ್ಟಲಲ್ಲಿಟ್ಟ ಲ್ಯುಕೀಮಿಯ ಕೋಶವನ್ನು ಉಪ್ಪು ಕೊಲ್ಲುವುದು, ಹುಳಿ ಕೊಲ್ಲುವುದು, ಬಿಸಿನೀರೂ ಕೊಲ್ಲುವುದು. ಪಕ್ಕದಲ್ಲಿರುವ ಒಳ್ಳೆಯ ಕೋಶವನ್ನು ಉಳಿಸಿ ಕೆಟ್ಟದ್ದನ್ನು ಮಾತ್ರ ಕೊಲ್ಲುವುದು ಹೇಗೆ, ಅದೂ ಒಂದನ್ನೂ ಬಿಡದೆ ಕೊಲ್ಲುವುದು ಹೇಗೆ ಎಂಬುದೇ ಪ್ರಶ್ನೆ. ಈ ಕಾರ್ಯವು ಒಂದೇ ಔಷಧದಿಂದ ಆಗುವುದು ಅಪರೂಪವೆಂದೂ, ಎರಡು ಮೂರು ಔಷಧಗಳು ಕೂಡಿದಾಗ ಸಾಧ್ಯವಾಗಬಹುದೆಂದೂ ಕಳೆದ ಮುಕ್ಕಾಲು ಶತಮಾನದ ಅನುಭವವು ಕಲಿಸಿದೆ. ಅದಕ್ಕೆ ಎರಡು ಕಾರಣಗಳುಂಟು. ಒಂದು ಬರಿಯ ಅಂಕಗಣಿತಕ್ಕೆ ಸೇರಿದ್ದು. ಇನ್ನೊಂದು ಕೋಶದ ಒಳಗಿನ ಯಂತ್ರರಚನೆಗೆ ಸೇರಿದ್ದು. ಇವೆರಡನ್ನೂ ಒಂದಾದ ಮೇಲೊಂದರಂತೆ ನಾವು ಇಲ್ಲಿ ಪರಿಶೀಲಿಸೋಣ.

ಮೊದಲ ಗೆಲುವು, ಮೊದಲ ಸೋಲು

೧೯೪೭ರ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ತೀವ್ರ ಲ್ಯುಕೀಮಿಯದಿಂದ ನರಳುತ್ತಿದ್ದ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಹೊಸ ವಸ್ತುವನ್ನು ಕೊಡಲಾರಂಭಿಸಿದರು. ಕೋಶಗಳು ಇಬ್ಭಾಗವಾಗಲು ಫೋಲಿಕ್ ಆಮ್ಲವೆಂಬ ಜೀವಸತ್ವವು ಬೇಕು. ಅಮಿನಾಪ್ಟೆರಿನ್ ಅದರ ವೇಷವನ್ನೇ ಧರಿಸಿ, ಅದರ ಪೀಠದಲ್ಲಿ ಕುಳಿತು, ಕೆಲಸವನ್ನು ಮಾತ್ರ ಮಾಡದೆ ಇರುವುದು. ಈ ವಸ್ತುವು ತಯಾರಾದದ್ದು ಲೆಡರ್ಲೆ ಪ್ರಯೋಗಶಾಲೆಯಲ್ಲಿ. ಅಲ್ಲಿಯ ಸಂಶೋಧನೆಯ ನಾಯಕರು ಭೀಮಾವರದಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತ ಯಲ್ಲಾಪ್ರಗಡ ಸುಬ್ಬರಾವ್ ಅವರು. ೧೯೪೮ರಲ್ಲಿ ಫಾರ್ಬರ್ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಔಷಧ ಪಡೆದ ೧೬ ಮಕ್ಕಳಲ್ಲಿ ೧೦ ಮಕ್ಕಳು ಚೇತರಿಸಿಕೊಂಡಿದ್ದರು. ಅದುವರೆಗೆ ಈ ರೋಗಕ್ಕೆ ಯಾವ ಮದ್ದೂ ಇರಲಿಲ್ಲವೆಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಮಾತೆಂಬುದು ತಿಳಿಯುವುದು.

ಆದರೆ ಆ ಚೇತರಿಕೆಯು ಕೆಲವು ತಿಂಗಳುಗಳದು ಮಾತ್ರ. ರೋಗವು ಮರಳಿ ಬಂದಿತು. ಮರಳಿ ಬಂದ ರೋಗವು ಅದೇ ಔಷಧಕ್ಕೆ ಮಣಿಯಲಿಲ್ಲ. ಇದು ಏಕೆ ಹೀಗಾಯಿತು?

ಒಂದು ಲೆಕ್ಕ

ಭೌತವಿಜ್ಞಾನದ ವಿದ್ಯಾರ್ಥಿಗಳು ರೇಡಿಯಮ್ಮಿನ ಕ್ಷಯವನ್ನು ಬಲ್ಲರು. ಸಮಾನ ಕಾಲಾವಧಿಗಳಲ್ಲಿ ನಶಿಸುವುದು ಸಮಾನ ಸಂಖ್ಯೆಯ ಪರಮಾಣುಗಳಲ್ಲ, ಸಮಾನ ಭಾಗ. ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹೋವರ್ಡ್ ಸ್ಕಿಪರ್ ಎಂಬ ವಿಜ್ಞಾನಿ ಇಲಿಗಳ ಲ್ಯುಕೀಮಿಯವನ್ನು ಅಭ್ಯಾಸ ಮಾಡಿ, ಔಷಧಗಳ ವಿಷಯದಲ್ಲಿಯೂ ಇಂತಹುದೇ ಒಂದು ನಿಯಮವನ್ನು ಕಂಡರು. ೧೯೬೪ರ ವೇಳೆಗೆ ಅದು ಸ್ಪಷ್ಟರೂಪವನ್ನು ತಾಳಿತು. ಒಂದು ಪ್ರಮಾಣದ ಔಷಧವು ಇಂತಿಷ್ಟು ಕೋಶಗಳನ್ನು ಕೊಲ್ಲುವುದಿಲ್ಲ, ಇದ್ದವುಗಳಲ್ಲಿ ಇಂತಿಷ್ಟು ಅಂಶವನ್ನು ಕೊಲ್ಲುತ್ತದೆ. ಅದರೊಡನೆ ಇನ್ನೊಂದು ಕಠೋರ ಸತ್ಯವೂ ತಿಳಿದುಬಂದಿತು: ಆ ಬಗೆಯ ಲ್ಯುಕೀಮಿಯದ ಒಂದೇ ಒಂದು ಜೀವಂತ ಕೋಶವನ್ನು ಇಲಿಯ ದೇಹಕ್ಕೆ ಸೇರಿಸಿದರೂ ಅದು ಬೆಳೆದು ಇಲಿಯನ್ನು ಕೊಲ್ಲಬಲ್ಲುದಾಗಿತ್ತು.

ರೋಗವು ಪತ್ತೆಯಾಗುವ ಹೊತ್ತಿಗೆ ರೋಗಿಯ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಲ್ಯುಕೀಮಿಯ ಕೋಶಗಳಿರಬಹುದು. ಅವೆಲ್ಲವನ್ನೂ ಒಟ್ಟುಗೂಡಿಸಿದರೆ ತೂಕದಲ್ಲಿ ಒಂದು ಕಿಲೋಗ್ರಾಮಿನಷ್ಟಾದೀತು. ಲೆಕ್ಕಕ್ಕಾಗಿ, ಔಷಧವು ಸಾವಿರಕ್ಕೆ ೯೯೯ನ್ನು ಕೊಲ್ಲುವುದೆಂದು ಇಟ್ಟುಕೊಳ್ಳೋಣ. ಉಳಿಯುವುವು ನೂರು ಕೋಟಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತವು ಶುದ್ಧವಾಗಿ ಕಾಣುವುದು. ಮಗುವು ಎದ್ದು ಆಡುವುದು. ತಂದೆತಾಯಿಗಳು ಹರಕೆಯನ್ನು ತೀರಿಸುವರು. ಆದರೆ ಒಳಗೆ ಇನ್ನೂ ನೂರು ಕೋಟಿ ಶತ್ರುಗಳು ಉಳಿದಿದ್ದಾರೆ.

ಇಷ್ಟೇ ಆಗಿದ್ದರೆ ಅದೇ ಔಷಧವನ್ನು ಮತ್ತೆ ಮತ್ತೆ ಕೊಟ್ಟು ಸಂಖ್ಯೆಯನ್ನು ಇಳಿಸಬಹುದಾಗಿತ್ತು. ತೊಂದರೆಯು ಬೇರೆ ಕಡೆ ಇದೆ. ಕೋಶವು ಇಬ್ಭಾಗವಾಗುವಾಗಲೆಲ್ಲ ಅದರ ಆನುವಂಶಿಕ ಬರಹದಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುವುದು. ಹತ್ತು ಲಕ್ಷ ಕೋಶಗಳಲ್ಲಿ ಒಂದಕ್ಕೆ ಅಂತಹ ತಪ್ಪಿನ ಫಲವಾಗಿ ಮೊದಲ ಔಷಧವನ್ನು ಎದುರಿಸುವ ಶಕ್ತಿ ಬಂದಿದೆಯೆಂದು ಭಾವಿಸೋಣ. ಲಕ್ಷ ಕೋಟಿಯಲ್ಲಿ ಅಂತಹವು ಹತ್ತು ಲಕ್ಷವಾದುವು. ಔಷಧವು ಉಳಿದವನ್ನೆಲ್ಲ ಕೊಂದು, ಇವುಗಳಿಗೆ ಬಯಲನ್ನು ಬಿಟ್ಟುಕೊಟ್ಟಂತಾಯಿತು. ಫಾರ್ಬರರ ಮಕ್ಕಳಲ್ಲಿ ಮರಳಿ ಬಂದ ರೋಗವು ಹೀಗೆ ಉಳಿದವುಗಳ ಸಂತತಿ.

ಈಗ ಬೇರೆ ಮಾರ್ಗದಿಂದ ಕೊಲ್ಲುವ ಎರಡನೆಯ ಔಷಧವನ್ನು ತೆಗೆದುಕೊಳ್ಳೋಣ. ಅದನ್ನು ಎದುರಿಸಬಲ್ಲ ಕೋಶವೂ ಹತ್ತು ಲಕ್ಷಕ್ಕೊಂದು. ಎರಡನ್ನೂ ಎದುರಿಸಬಲ್ಲ ಕೋಶವು ಹತ್ತು ಲಕ್ಷವನ್ನು ಹತ್ತು ಲಕ್ಷದಿಂದ ಗುಣಿಸಿದಷ್ಟಕ್ಕೆ, ಎಂದರೆ ಲಕ್ಷ ಕೋಟಿಗೆ, ಒಂದು ಮಾತ್ರ. ಮೂರನೆಯ ಔಷಧವೂ ಸೇರಿದರೆ ಅಂತಹ ಒಂದು ಕೋಶವೂ ಇಲ್ಲದಿರುವ ಸಂಭವವೇ ಹೆಚ್ಚು. ಆದರೆ ಈ ಔಷಧಗಳನ್ನು ಒಂದಾದ ಮೇಲೊಂದರಂತೆ ಕೊಟ್ಟರೆ ಲೆಕ್ಕವು ಕೆಡುವುದೆಂಬುದನ್ನು ಓದುಗರು ಗಮನಿಸಬೇಕು. ಮೊದಲನೆಯದನ್ನು ಗೆದ್ದ ಹತ್ತು ಲಕ್ಷ ಕೋಶಗಳು ಮತ್ತೆ ಲಕ್ಷ ಕೋಟಿಯಾಗಿ ಬೆಳೆದ ಮೇಲೆ ಎರಡನೆಯದನ್ನು ಪ್ರಯೋಗಿಸಿದರೆ, ಅಷ್ಟರಲ್ಲಿ ಎರಡನೆಯದನ್ನೂ ಗೆಲ್ಲಬಲ್ಲವು ಹತ್ತು ಲಕ್ಷ ಹುಟ್ಟಿಕೊಂಡಿರುವುವು. ಆದುದರಿಂದ ಔಷಧಗಳು ಸಾಲಾಗಿ ಬಂದರೆ ಸಾಲದು, ಜೊತೆಯಾಗಿ ಬರಬೇಕು. ಕ್ಷಯರೋಗದ ವಿಷಯದಲ್ಲಿ ಇದು ಆಗಲೇ ಸಿದ್ಧಪಟ್ಟಿತ್ತು. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ಸೋಲುತ್ತಿದ್ದ ಚಿಕಿತ್ಸೆಯು ಅದರ ಜೊತೆಗೆ ಪಿ.ಎ.ಎಸ್. ಎಂಬ ಮತ್ತೊಂದು ಔಷಧವು ಸೇರಿದಾಗ ನಿಲ್ಲುವುದೆಂದು ೧೯೫೦ರಲ್ಲಿ ಬ್ರಿಟನ್ನಿನ ವೈದ್ಯರು ತೋರಿಸಿದ್ದರು.

ಅಮೆರಿಕದ ಬೆಥೆಸ್ಡದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಎಂಬ ಇಬ್ಬರು ವೈದ್ಯರು ೧೯೬೨ರ ಸುಮಾರಿಗೆ ನಾಲ್ಕು ಔಷಧಗಳನ್ನು ಒಟ್ಟಿಗೆ ಮಕ್ಕಳಿಗೆ ಕೊಡುವ ಧೈರ್ಯವನ್ನು ಮಾಡಿದರು. ಅವುಗಳಲ್ಲಿ ಒಂದಾದ ವಿನ್‌ಕ್ರಿಸ್ಟೀನ್, ನಮ್ಮ ಹಿತ್ತಲುಗಳಲ್ಲಿ ವರ್ಷವೆಲ್ಲ ಹೂ ಬಿಡುವ ಕಾಶಿಕಣಗಿಲೆಯ ಗಿಡದಿಂದ ದೊರೆತದ್ದು. ಮೆಥೊಟ್ರೆಕ್ಸೇಟ್ ಎಂಬುದು ಅಮಿನಾಪ್ಟೆರಿನ್ನಿನ ಸಮೀಪಬಂಧು; ೬-ಮರ್‌ಕ್ಯಾಪ್ಟೊಪ್ಯೂರೀನ್ ಎಂಬುದು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಸೃಷ್ಟಿ; ನಾಲ್ಕನೆಯದು ಪ್ರೆಡ್ನಿಸೋನ್. ನಾಲ್ಕೂ ಬೇರೆ ಬೇರೆ ರೀತಿಯಲ್ಲಿ ಕೋಶವನ್ನು ಹೊಡೆಯುವುವು. ಅವುಗಳ ದುಷ್ಪರಿಣಾಮಗಳೂ ಬಹುಮಟ್ಟಿಗೆ ಬೇರೆ ಬೇರೆ. ವಿನ್‌ಕ್ರಿಸ್ಟೀನ್ ಮುಖ್ಯವಾಗಿ ನರಗಳನ್ನು ಪೀಡಿಸಿದರೆ ಮರ್‌ಕ್ಯಾಪ್ಟೊಪ್ಯೂರೀನ್ ಮಜ್ಜೆಯನ್ನು ಪೀಡಿಸುವುದು. ಆದಕಾರಣ ಒಳ್ಳೆಯ ಕೋಶಗಳ ಮೇಲಿನ ಹೊರೆಯು ಹಂಚಿಹೋಗುವುದು. ಕೆಟ್ಟ ಕೋಶದ ಮೇಲೆ ಮಾತ್ರ ಎಲ್ಲ ಹೊಡೆತಗಳೂ ಒಂದಾಗಿ ಬೀಳುವುವು.

ಈ ಮಕ್ಕಳಲ್ಲಿ ಕೆಲವರಿಗೆ ಮಿದುಳಿನಲ್ಲಿ ರೋಗವು ಮರುಕಳಿಸಿತು. ಔಷಧಗಳು ರಕ್ತದಿಂದ ಅಲ್ಲಿಗೆ ಸುಲಭವಾಗಿ ಹೋಗಲಾರವು. ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಈ ಅಡಗುತಾಣಕ್ಕೂ ಚಿಕಿತ್ಸೆಯನ್ನು ಸೇರಿಸಿ, ೧೯೬೭ರಲ್ಲಿ ಆರಂಭಿಸಿದ ಕ್ರಮದಿಂದ ಸುಮಾರು ಅರ್ಧದಷ್ಟು ಮಕ್ಕಳನ್ನು ಉಳಿಸಿದರು. ಇಂದು ಸಕಲ ಸೌಕರ್ಯಗಳುಳ್ಳ ಆಸ್ಪತ್ರೆಗಳಲ್ಲಿ, ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ತೀವ್ರ ಲಿಂಫಾಯ್ಡ್ ಲ್ಯುಕೀಮಿಯದಿಂದ ಹತ್ತರಲ್ಲಿ ಒಂಬತ್ತು ಮಕ್ಕಳು ಪಾರಾಗುತ್ತಾರೆ. ಇದಕ್ಕೆ ಬಳಸುವ ಔಷಧಗಳಲ್ಲಿ ಹೆಚ್ಚಿನವು ೧೯೭೦ಕ್ಕೆ ಮೊದಲೇ ಗೊತ್ತಿದ್ದುವೆಂಬುದು ಗಮನಾರ್ಹ. ಹೊಸ ಮದ್ದಿಗಿಂತಲೂ ಮದ್ದುಗಳ ಕೂಟವೇ ಇಲ್ಲಿ ಹೆಚ್ಚಿನ ಕೆಲಸವನ್ನು ಮಾಡಿತು.

ಕೋಶವು ಹೇಗೆ ಸಾಯುತ್ತದೆ?

ಇದೆಲ್ಲವೂ ಅಂಕಗಣಿತದ ಗೆಲುವು. ಔಷಧದಿಂದ ಪೆಟ್ಟುತಿಂದ ಕೋಶವು ನಿಜವಾಗಿ ಹೇಗೆ ಸಾಯುತ್ತದೆಂಬುದು ಆಗ ಯಾರಿಗೂ ಚೆನ್ನಾಗಿ ತಿಳಿದಿರಲಿಲ್ಲ. ೧೯೭೨ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರ್ರಿ ಎಂಬ ಮೂವರು ರೋಗವಿಜ್ಞಾನಿಗಳು ಒಂದು ವಿಚಿತ್ರವಾದ ಸಾವನ್ನು ವರ್ಣಿಸಿದರು. ಸುಟ್ಟಾಗಲೋ ಜಜ್ಜಿದಾಗಲೋ ಕೋಶವು ಊದಿ ಒಡೆಯುವುದು, ಸುತ್ತಲೂ ಉರಿಯೂತ ಉಂಟಾಗುವುದು. ಅವರು ಕಂಡ ಸಾವು ಹಾಗಿರಲಿಲ್ಲ. ಅಲ್ಲಿ ಕೋಶವು ತಾನಾಗಿ ಕುಗ್ಗಿ, ಚಿಕ್ಕ ಚಿಕ್ಕ ಗಂಟುಗಳಾಗಿ ಹಂಚಿಹೋಗಿ, ನೆರೆಹೊರೆಯ ಕೋಶಗಳಿಗೆ ಆಹಾರವಾಗಿಬಿಡುತ್ತಿತ್ತು. ಗದ್ದಲವಿಲ್ಲದ ಈ ಸಾವಿಗೆ ಅವರು ಎಪಾಪ್ಟೋಸಿಸ್ ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದಕ್ಕೆ ಗ್ರೀಕರು ಬಳಸುತ್ತಿದ್ದ ಮಾತು ಇದು. ಅಬರ್ಡೀನ್ ವಿಶ್ವವಿದ್ಯಾನಿಲಯದ ಗ್ರೀಕ್ ಭಾಷೆಯ ಪ್ರಾಧ್ಯಾಪಕರೊಬ್ಬರು ಅದನ್ನು ಸೂಚಿಸಿದ್ದರು. ಕನ್ನಡದಲ್ಲಿ ನಾವು ಇದನ್ನು 'ಉದುರುಸಾವು' ಎನ್ನಬಹುದು.

ಇದು ಆಕಸ್ಮಿಕವಲ್ಲ, ಕೋಶದಲ್ಲಿಯೇ ಬರೆದಿಟ್ಟ ಏರ್ಪಾಡು ಎಂಬುದು ಒಂದು ಮಿಲಿಮೀಟರಿನಷ್ಟು ಉದ್ದದ ಹುಳುವೊಂದರಿಂದ ತಿಳಿಯಿತು. ಆ ಹುಳುವು ಬೆಳೆಯುವಾಗ ೧೦೯೦ ಕೋಶಗಳು ಹುಟ್ಟುವುವು; ಅವುಗಳಲ್ಲಿ ಸರಿಯಾಗಿ ೧೩೧ ಕೋಶಗಳು ಗೊತ್ತಾದ ಕಾಲದಲ್ಲಿ ಸಾಯುವುವು; ೯೫೯ ಉಳಿಯುವುವು. ಈ ಸಾವನ್ನು ಆಳುವ ಜೀನುಗಳನ್ನು ಕಂಡುಹಿಡಿದ ಹಾರ್ವಿಟ್ಸ್ ಅವರಿಗೂ, ಅದಕ್ಕೆ ಹಾದಿಮಾಡಿಕೊಟ್ಟ ಬ್ರೆನ್ನರ್ ಮತ್ತು ಸಲ್‌ಸ್ಟನ್ ಅವರಿಗೂ ೨೦೦೨ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಮನುಷ್ಯನ ಕೋಶದಲ್ಲಿ ಈ ಸಾವಿನ ತೀರ್ಪು ನಡೆಯುವುದು ಮೈಟೊಕಾಂಡ್ರಿಯಗಳೆಂಬ ಚಿಕ್ಕ ಅಂಗಗಳಲ್ಲಿ. ಉಸಿರಿನ ಆಮ್ಲಜನಕದಿಂದ ಕೋಶಕ್ಕೆ ಶಕ್ತಿಯನ್ನೊದಗಿಸುವ ಇವು ಕೋಶದ ಒಲೆಗಳಿದ್ದಂತೆ. ಒಲೆಯ ಗೋಡೆಯಲ್ಲಿ ರಂಧ್ರ ಬಿದ್ದರೆ ಒಳಗಿನ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಹೊರಕ್ಕೆ ಸೋರುವುದು. ಆ ಸೋರಿಕೆಯೇ ಸಂಜ್ಞೆಯಾಗಿ ಕ್ಯಾಸ್ಪೇಸ್‌ಗಳೆಂಬ ಕತ್ತರಿಗಳು ಎಚ್ಚೆತ್ತು ಕೋಶವನ್ನು ತುಂಡುಮಾಡುವುವು. ರಂಧ್ರವನ್ನು ಕೊರೆಯುವ ಪ್ರೋಟೀನುಗಳು ಬ್ಯಾಕ್ಸ್ ಮತ್ತು ಬ್ಯಾಕ್. ಅವುಗಳನ್ನು ಪ್ರಚೋದಿಸುವ ದೂತರುಂಟು. ಬಿಮ್ ಎಂಬುದು ಅಂತಹ ಒಬ್ಬ ದೂತ. ಕೋಶಕ್ಕೆ ಕೇಡು ಒದಗಿದಾಗ ಈ ದೂತರ ಸಂಖ್ಯೆ ಹೆಚ್ಚುವುದು. ಇವರನ್ನು ಹಿಡಿದು ಸೆರೆಯಲ್ಲಿಡುವ ಕಾವಲುಗಾರರೂ ಉಂಟು. ಅವರಲ್ಲಿ ಪ್ರಸಿದ್ಧನಾದವನೇ ಬಿಸಿಎಲ್-೨.

ಬಿಸಿಎಲ್-೨ರ ಜೀನು ೧೯೮೪ರ ಸುಮಾರಿಗೆ ದುಗ್ಧಗ್ರಂಥಿಗಳ ಒಂದು ಕ್ಯಾನ್ಸರಿನಲ್ಲಿ ಸಿಕ್ಕಿತು. ಕ್ಯಾನ್ಸರಿನ ಜೀನೆಂದರೆ ಕೋಶವನ್ನು ಬೇಗ ಬೇಗ ಇಬ್ಭಾಗವಾಗಿಸುವ ಜೀನೆಂಬುದು ಆಗಿನ ಭಾವನೆ. ೧೯೮೮ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಡೇವಿಡ್ ವಾಕ್ಸ್, ಸುಜಾನ್ ಕೋರಿ ಮತ್ತು ಜೆರ್ರಿ ಆಡಮ್ಸ್ ನಡೆಸಿದ ಪ್ರಯೋಗವು ಅದನ್ನು ಬುಡಮೇಲು ಮಾಡಿತು. ಬಿಸಿಎಲ್-೨ ಕೋಶವನ್ನು ಹೆಚ್ಚಿಸುತ್ತಿರಲಿಲ್ಲ. ಸಾಯಬೇಕಾದ ಕೋಶವನ್ನು ಸಾಯಗೊಡುತ್ತಿರಲಿಲ್ಲ.

ಅಂಚಿನಲ್ಲಿರುವ ಲೋಟ

ಮೇಜಿನ ನಡುವೆ ಒಂದು ಲೋಟವನ್ನೂ ಅಂಚಿನಲ್ಲಿ ಇನ್ನೊಂದು ಲೋಟವನ್ನೂ ಇಟ್ಟು ಎರಡನ್ನೂ ಒಂದೇ ಬಲದಿಂದ ಬೆರಳಿನಲ್ಲಿ ನೂಕಿದರೆ, ನಡುವಿನದು ಒಂದಿಷ್ಟು ಸರಿದು ನಿಲ್ಲುವುದು, ಅಂಚಿನದು ಕೆಳಕ್ಕೆ ಬೀಳುವುದು. ನೂಕಿದ ಬಲವೊಂದೇ, ಇದ್ದ ಸ್ಥಾನಗಳು ಬೇರೆ. ಅನೇಕ ಲ್ಯುಕೀಮಿಯ ಕೋಶಗಳು ಹೀಗೆ ಅಂಚಿನಲ್ಲಿಯೇ ಬಾಳುತ್ತಿರುವುವು. ಅವುಗಳ ಆನುವಂಶಿಕ ಬರಹವು ಕೆಟ್ಟಿರುವುದು, ಬೆಳವಣಿಗೆಯು ಹದತಪ್ಪಿರುವುದು. ಆದುದರಿಂದ ಸಾವಿನ ದೂತರು ಅಲ್ಲಿ ಆಗಲೇ ಕಿಕ್ಕಿರಿದಿರುವರು. ಬಿಸಿಎಲ್-೨ ಅವರೆಲ್ಲರನ್ನೂ ಕಟ್ಟಿಹಾಕಿರುವುದರಿಂದ ಕೋಶವು ಬದುಕಿದೆ. ಬಾಸ್ಟನ್ನಿನ ಆಂಥನಿ ಲೆಟಾಯ್ ಮತ್ತು ಸಂಗಡಿಗರು, ಒಂದು ಕೋಶವು ಈ ಅಂಚಿಗೆ ಎಷ್ಟು ಸಮೀಪದಲ್ಲಿದೆಯೆಂಬುದನ್ನು ಅಳೆಯುವ ವಿಧಾನವನ್ನೇ ರೂಪಿಸಿದ್ದಾರೆ. ಹೃದಯ, ಮಿದುಳುಗಳ ಪ್ರೌಢ ಕೋಶಗಳಾದರೋ ಮೇಜಿನ ನಡುವಿನ ಲೋಟಗಳಂತೆ ಸುಭದ್ರ. ಕೆಟ್ಟದ್ದನ್ನು ಮಾತ್ರ ಕೊಲ್ಲುವ ಅವಕಾಶವು ಈ ವ್ಯತ್ಯಾಸದಲ್ಲಿದೆ.

ಹಾಗಾದರೆ ಕಾವಲುಗಾರನ ಕೈಯನ್ನು ಕಟ್ಟುವುದು ಹೇಗೆ? ಇಲ್ಲಿ ಭೌತವಿಜ್ಞಾನವು ನೆರವಿಗೆ ಬಂದಿತು. ಪರಮಾಣು ಬೀಜಗಳು ಕಾಂತಕ್ಷೇತ್ರದಲ್ಲಿ ತೋರುವ ಅನುರಣನವನ್ನು ಬಳಸಿ ಅಮೆರಿಕದ ಎಬಟ್ ಪ್ರಯೋಗಶಾಲೆಯಲ್ಲಿ ಸ್ಟೀಫನ್ ಫೆಸಿಕ್ ಮತ್ತು ಸಂಗಡಿಗರು ಬಿಸಿಎಲ್-೨ರ ಸೋದರನಾದ ಬಿಸಿಎಲ್-ಎಕ್ಸ್‌ಎಲ್ ಎಂಬ ಪ್ರೋಟೀನಿನ ಆಕಾರವನ್ನು ೧೯೯೬ರಲ್ಲಿ ಬಿಡಿಸಿದರು. ಅದರ ಮೈಮೇಲೆ ಒಂದು ತೋಡು ಇದೆ. ಸಾವಿನ ದೂತನು ಸಿಕ್ಕಿಬೀಳುವುದು ಆ ತೋಡಿನಲ್ಲಿ. ಆ ತೋಡನ್ನು ತುಂಬುವ ಚಿಕ್ಕ ಅಣುವನ್ನು ಕಟ್ಟಿದರೆ ದೂತರು ಬಿಡುಗಡೆ ಹೊಂದುವರು. ಇಂತಹ ಅಣುವು ೨೦೦೫ರಲ್ಲಿ ದೊರೆಯಿತು. ಆದರೆ ಅದೂ ಅದರಿಂದ ಹುಟ್ಟಿದ ಮಾತ್ರೆಯೂ ಇಬ್ಬರು ಸೋದರರನ್ನೂ ಹಿಡಿಯುತ್ತಿದ್ದುವು; ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ಟುಗಳು ಬಿಸಿಎಲ್-ಎಕ್ಸ್‌ಎಲ್‌ನ ಆಶ್ರಯದಲ್ಲಿ ಬಾಳುವುದರಿಂದ ಅವು ನಾಶವಾಗತೊಡಗಿದುವು. ಅಣುವನ್ನು ಮತ್ತೆ ತಿದ್ದಿ, ಬಿಸಿಎಲ್-೨ನ್ನು ಮಾತ್ರ ಹಿಡಿಯುವಂತೆ ಮಾಡಿದ ವೆನೆಟೊಕ್ಲ್ಯಾಕ್ಸ್ ೨೦೧೩ರಲ್ಲಿ ಪ್ರಕಟವಾಗಿ, ೨೦೧೬ರಲ್ಲಿ ಅಮೆರಿಕದಲ್ಲಿ ದೀರ್ಘಕಾಲಿಕ ಲಿಂಫಾಯ್ಡ್ ಲ್ಯುಕೀಮಿಯದ ಔಷಧವಾಗಿ ಅಂಗೀಕಾರ ಪಡೆಯಿತು.

ಅದರ ಶಕ್ತಿಯೇ ಮೊದಮೊದಲು ಅಪಾಯಕರವಾಯಿತು. ಒಮ್ಮೆಗೇ ಅಸಂಖ್ಯಾತ ಕೋಶಗಳು ಸತ್ತು, ಅವುಗಳ ಒಳಗಿನ ಪೊಟ್ಯಾಸಿಯಮ್ ಮುಂತಾದ ಲವಣಗಳು ರಕ್ತಕ್ಕೆ ಸುರಿದರೆ ಹೃದಯವೂ ಮೂತ್ರಪಿಂಡಗಳೂ ತಡೆಯಲಾರವು. ಆರಂಭದ ಪರೀಕ್ಷೆಗಳಲ್ಲಿ ಹೀಗೆ ಸಾವುಗಳೂ ಸಂಭವಿಸಿದುವು. ಆದಕಾರಣ ಈ ರೋಗದಲ್ಲಿ ದಿನಕ್ಕೆ ೨೦ ಮಿಲಿಗ್ರಾಮಿನಿಂದ ಆರಂಭಿಸಿ, ವಾರ ವಾರಕ್ಕೆ ೫೦, ೧೦೦, ೨೦೦ ಎಂದು ಏರಿಸಿ, ಐದನೆಯ ವಾರದಲ್ಲಿ ೪೦೦ಕ್ಕೆ ತಲುಪುವ ಕ್ರಮವನ್ನು ಗೊತ್ತುಮಾಡಲಾಯಿತು.

ಎರಡು ಬಾಗಿಲು, ಇಬ್ಬರು ಕಾವಲುಗಾರರು

ವಯಸ್ಸಾದವರನ್ನು ಹೆಚ್ಚಾಗಿ ಬಾಧಿಸುವ ತೀವ್ರ ಮೈಲಾಯ್ಡ್ ಲ್ಯುಕೀಮಿಯದಲ್ಲಿ ವೆನೆಟೊಕ್ಲ್ಯಾಕ್ಸ್ ಒಂದರಿಂದಲೇ ಹೆಚ್ಚಿನ ಫಲವಾಗಲಿಲ್ಲ. ಈ ಕೋಶಗಳಲ್ಲಿ ಎಂಸಿಎಲ್-೧ ಎಂಬ ಇನ್ನೊಬ್ಬ ಕಾವಲುಗಾರನಿರುವನು. ಬಿಸಿಎಲ್-೨ರ ಸೆರೆಯಿಂದ ತಪ್ಪಿಸಿಕೊಂಡ ದೂತನನ್ನು ಇವನು ಹಿಡಿದುಕೊಳ್ಳುವನು. ಹಾಗೆಂದು ಎಂಸಿಎಲ್-೧ನ್ನು ನೇರವಾಗಿ ಕಟ್ಟಿಹಾಕಲು ಹೋದರೆ ತೊಡಕುಂಟು. ಹೃದಯದ ಸ್ನಾಯುಕೋಶಗಳಿಗೂ ಅವನ ಆಶ್ರಯವು ಬೇಕು.

ಉಪಾಯವು ಹಳೆಯ ಔಷಧವೊಂದರಲ್ಲಿ ಸಿಕ್ಕಿತು. ಅಝಸಿಟಿಡೀನ್ ಎಂಬುದು ೧೯೬೪ರಲ್ಲಿ ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ತಯಾರಾದ ವಸ್ತು. ಅದು ಕೋಶದ ಆನುವಂಶಿಕ ಬರಹದೊಳಕ್ಕೆ ನುಸುಳಿ, ಅಲ್ಲಿಯ ರಾಸಾಯನಿಕ ಗುರುತುಗಳನ್ನು ಅಳಿಸುವುದು. ಅದು ಕೋಶದಲ್ಲಿ ನೋಕ್ಸಾ ಎಂಬ ದೂತನನ್ನು ಹೆಚ್ಚಿಸುವುದೆಂದೂ, ಈ ನೋಕ್ಸಾ ಎಂಸಿಎಲ್-೧ರ ಕೈಯನ್ನು ಹಿಡಿದು ಅವನನ್ನು ನಿರುಪಯುಕ್ತನನ್ನಾಗಿ ಮಾಡುವುದೆಂದೂ ಪ್ರಯೋಗಶಾಲೆಯ ಅಧ್ಯಯನಗಳು ತೋರಿಸಿವೆ. ಒಂದು ಔಷಧವು ಮೊದಲ ಬಾಗಿಲನ್ನು ತೆರೆದರೆ ಇನ್ನೊಂದು ಎರಡನೆಯದನ್ನು ತೆರೆಯುವುದು.

ಇಲ್ಲಿ ಕೂಟದ ಅರ್ಥವು ಮೊದಲಿನ ಲೆಕ್ಕಕ್ಕಿಂತ ಭಿನ್ನವಾದುದನ್ನು ನಾವು ಕಾಣಬೇಕು. ಮೊದಲ ಔಷಧವು ಹತ್ತರಲ್ಲಿ ಒಂದು ಕೋಶವನ್ನು ಉಳಿಸಿ, ಎರಡನೆಯದೂ ಸ್ವತಂತ್ರವಾಗಿ ಹತ್ತರಲ್ಲಿ ಒಂದನ್ನು ಉಳಿಸುವುದಾದರೆ, ಎರಡೂ ಕೂಡಿ ನೂರರಲ್ಲಿ ಒಂದನ್ನು ಉಳಿಸಬೇಕು. ಇದು ಇಬ್ಬರು ಕೂಲಿಯಾಳುಗಳು ಬೇರೆ ಬೇರೆಯಾಗಿ ದುಡಿದಂತೆ. ಒಂದು ವೇಳೆ ಉಳಿದದ್ದು ಸಾವಿರದಲ್ಲಿ ಒಂದೇ ಆದರೆ, ಅವೆರಡೂ ಪರಸ್ಪರ ನೆರವಾಗಿವೆಯೆಂದು ತಿಳಿಯಬೇಕು. ಕೂಟದ ಫಲವನ್ನು ಅಳೆಯುವ ಈ ಮೊಳಕೋಲನ್ನು ಬ್ಲಿಸ್ ಎಂಬ ವಿಜ್ಞಾನಿ ೧೯೩೯ರಲ್ಲಿಯೇ ಕೊಟ್ಟಿದ್ದನು. ಎರಡು ಔಷಧಗಳು ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡಿದುವೆಂದ ಮಾತ್ರಕ್ಕೆ ಅವುಗಳ ನಡುವೆ ವಿಶೇಷವಾದ ಸಹಕಾರವಿದೆಯೆಂದು ಹೇಳಲಾಗದು. ಮೊದಲು ಈ ಗುಣಾಕಾರವನ್ನು ಮಾಡಿ ನೋಡಬೇಕು.

ಬಟ್ಟಲಿನಲ್ಲಿ ಕಂಡ ಸಹಕಾರವು ರೋಗಿಯ ಮೈಯಲ್ಲಿಯೂ ನಿಲ್ಲುವುದೇ ಎಂಬುದನ್ನು ರೋಗಿಗಳಿಂದಲೇ ತಿಳಿಯಬೇಕು. ೨೦೨೦ರಲ್ಲಿ ಅಂತಹ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. ೭೫ ವರ್ಷ ಮುಟ್ಟಿದ, ಅಥವಾ ಇತರ ಕಾಯಿಲೆಗಳ ದೆಸೆಯಿಂದ ಉಗ್ರ ಚಿಕಿತ್ಸೆಯನ್ನು ತಾಳಲಾರದ ೪೩೧ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಅಝಸಿಟಿಡೀನಿನ ಜೊತೆಗೆ ವೆನೆಟೊಕ್ಲ್ಯಾಕ್ಸನ್ನೂ, ಇನ್ನೊಂದಕ್ಕೆ ಅಝಸಿಟಿಡೀನಿನ ಜೊತೆಗೆ ಸತ್ವವಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟರು. ರೋಗವು ಕಣ್ಣಿಗೆ ಕಾಣದಷ್ಟು ಇಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ೬೬, ಎರಡನೆಯದರಲ್ಲಿ ನೂರಕ್ಕೆ ೨೮. ಅರ್ಧ ಮಂದಿ ರೋಗಿಗಳು ಬದುಕಿದ್ದ ಅವಧಿಯು ಮೊದಲ ಗುಂಪಿನಲ್ಲಿ ೧೪.೭ ತಿಂಗಳು, ಎರಡನೆಯದರಲ್ಲಿ ೯.೬ ತಿಂಗಳು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಕೂಟದ ಔಷಧ ಪಡೆದವರಲ್ಲಿ ಒಳ್ಳೆಯ ಬಿಳಿಯ ಕಣಗಳೂ ಹೆಚ್ಚಾಗಿ ಕುಸಿದು, ಜ್ವರದ ಕಾಟವು ಅಧಿಕವಾಗಿತ್ತು.

ಐದು ತಿಂಗಳು! ಇಷ್ಟಕ್ಕೇ ಇಷ್ಟೆಲ್ಲ ಶ್ರಮವೇ ಎಂದು ಯುವಕರಾದ ಓದುಗರು ಕೇಳಬಹುದು. ಎಪ್ಪತ್ತೈದು ದಾಟಿದ ತಾತನು ಮೊಮ್ಮಗಳ ಮದುವೆಯನ್ನು ಕಾಣುವುದಕ್ಕೆ ಐದು ತಿಂಗಳು ಸಾಕು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರವು ಚರಿತ್ರೆಯಲ್ಲಿದೆ. ೧೯೪೮ರಲ್ಲಿ ಫಾರ್ಬರ್ ಮಕ್ಕಳಿಗೆ ದೊರಕಿಸಿದ್ದೂ ಕೆಲವು ತಿಂಗಳುಗಳನ್ನೇ. ಆ ತಿಂಗಳುಗಳನ್ನು ಸೋಲೆಂದು ಬಗೆದು ಔಷಧವನ್ನು ಎಸೆದುಬಿಟ್ಟಿದ್ದರೆ ಮುಂದಿನ ಕೂಟಗಳು ಹುಟ್ಟುತ್ತಲೇ ಇರಲಿಲ್ಲ. ವೃದ್ಧರ ಈ ರೋಗದಲ್ಲಿ ಇಂದಿಗೂ ಹೆಚ್ಚಿನವರಿಗೆ ರೋಗವು ಮರುಕಳಿಸುತ್ತದೆ. ಉಳಿದುಕೊಂಡ ಕೋಶಗಳು ಮೂರನೆಯ ಬಾಗಿಲೊಂದನ್ನು ಭದ್ರಪಡಿಸಿಕೊಂಡಿರುತ್ತವೆ. ಆ ಬಾಗಿಲು ಯಾವುದೆಂದು ಅರಿತು, ಒಳ್ಳೆಯ ಕೋಶಗಳಿಗೆ ಕೇಡಾಗದಂತೆ ಅದನ್ನು ತೆರೆಯುವ ಮೂರನೆಯ ಜೊತೆಗಾರನನ್ನು ಹುಡುಕುವ ಕೆಲಸವು ಈಗ ಅನೇಕ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿದೆ. ಆ ಕೆಲಸಕ್ಕೆ ವೈದ್ಯರಷ್ಟೇ ಅಲ್ಲದೆ ರಸಾಯನವಿಜ್ಞಾನವನ್ನೂ ಭೌತವಿಜ್ಞಾನವನ್ನೂ ಗಣಿತವನ್ನೂ ಬಲ್ಲವರು ಬೇಕಾಗಿದ್ದಾರೆ.